ಬಿರುಕಿನೊಳಗಿನ ಕೆಂಪು

ಟ್ರ್ಯಾಕ್ಟರಿನ ಕೊಂಡಿ ಮುರಿದದ್ದೇ ನೆಪವಾಗಿ ನವಲಗುಂದ ಕಡೆಯ ಅಣ್ಣತಮ್ಮಂದಿರಿಬ್ಬರು ಮಾತು ಬಿಟ್ಟು ವರ್ಷ ಕಳೆದಿತ್ತು. ಪಾಲಾದ ಮೇಲೆ ತಮ್ಮ ಮನಬಂದಂತೆ ಭಾರ ಎಳೆಸಿ ಮುರಿದ ಎಂದು ಅಣ್ಣ. ಮುರುಕಲು ಎಂದು ಗೊತ್ತಿದ್ದೇ ಅಣ್ಣ ಅದನ್ನು ನನ್ನ ಪಾಲಿಗೆ ತಳ್ಳಿದ ಎಂದು ತಮ್ಮ. ಊರ ಹಿರಿಯರು ಹೇಳಿ ಹೇಳಿ ಸೋತು, ಕೊನೆಗೆ ಕೊಂಡಿಯ ತುಂಡನ್ನು ಒಂದು ಚೀಲಕ್ಕೆ ಹಾಕಿಸಿ ಇಬ್ಬರನ್ನೂ ಹುಬ್ಬಳ್ಳಿಯ ಲೋಹ ಪರೀಕ್ಷಾಲಯಕ್ಕೆ ಅಟ್ಟಿದ್ದರು.

ಡಾ. ದಾಕ್ಷಾಯಣಿ ಪತ್ತಾರ ಆ ತುಂಡನ್ನು ಭಂಗವಾಚಕದೊಳಗಿಟ್ಟು ಬಾಗಿಲು ಮುಚ್ಚಿದಳು. ಬಟ್ಟೆಯ ಬೀರುವಿನಷ್ಟು ಎತ್ತರದ ಯಂತ್ರ ಹಿಟ್ಟಿನ ಗಿರಣಿಯ ಹಾಗೆ ಗುಂಯ್‌ಗುಟ್ಟತೊಡಗಿತು. ಗಾಜಿನಾಚೆ ನಿಂತ ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಲೊಲ್ಲದೆ ಯಂತ್ರದ ಮುಖವನ್ನೇ ನೋಡುತ್ತಿದ್ದರು. ಅರ್ಧ ಗಂಟೆಗೆ ಉತ್ತರ ಬಂತು.

"ಬಿರುಕು ಹುಟ್ಟಿದ್ದು ನಾಕ ವರ್ಷದ ಹಿಂದ, ಮುಂಗಾರಿ ಬಿತ್ತಿಗಿ ಟೈಮಿನ್ಯಾಗ," ಎಂದಳು ದಾಕ್ಷಾಯಣಿ. "ಆವಾಗ ಟ್ರ್ಯಾಕ್ಟರ್ ಯಾರ ಹೊಡೀತಿದ್ರಿ?"

ಇಬ್ಬರೂ ನೆನಪು ಮಾಡಿಕೊಂಡರು. ಆಗಿನ್ನೂ ಮನೆ ಪಾಲಾಗಿರಲಿಲ್ಲ.

"ನಮ್ಮಪ್ಪಾರ್ರಿ," ಎಂದ ಅಣ್ಣ, ಧ್ವನಿ ಇಳಿಸಿ.

ಅಪ್ಪ ತೀರಿಕೊಂಡಾಗಿತ್ತು. ಸತ್ತವರ ಮೇಲೆ ಯಾರು ಜಗಳ ಕಾಯುತ್ತಾರೆ? ತಮ್ಮನಿಗೆ ಅದೇಕೋ ನಗು ಬಂತು. ಅವನು ನಕ್ಕದ್ದು ನೋಡಿ ಅಣ್ಣನೂ ನಕ್ಕ. ಆಮೇಲೆ ಇಬ್ಬರೂ ಎದುರಿನ ಕ್ಯಾಂಟೀನಿನಲ್ಲಿ ಒಂದೇ ಬೆಂಚಿಗೆ ಕೂತು ಚಹಾ ಕುಡಿದದ್ದನ್ನು ದಾಕ್ಷಾಯಣಿ ಕಿಟಕಿಯಿಂದ ಕಂಡಳು. ಇಂಥ ದಿನ ಅವಳಿಗೆ ತನ್ನ ಯಂತ್ರದ ಮೇಲೆ ಹೆತ್ತವರ ಅಭಿಮಾನ ಉಕ್ಕುತ್ತಿತ್ತು.

ಇಸವಿ 2061. ಭಂಗವಾಚಕ ಕೆಲಸ ಶುರುಮಾಡಿ ಮೂರು ವರ್ಷವೂ ತುಂಬಿರಲಿಲ್ಲ. ಭಂಗವೆಂದರೆ ಮುರಿತ, ಮುರಿದ ಮುಖವನ್ನು ಓದುವ ಯಂತ್ರವಾದ್ದರಿಂದ ಆ ಹೆಸರು. ಪರೀಕ್ಷಾಲಯದ ಹುಡುಗರು ಮಾತ್ರ ಅದನ್ನು 'ಜಾತಕ' ಎನ್ನುತ್ತಿದ್ದರು, ದಾಕ್ಷಾಯಣಿಗೆ ಸಿಟ್ಟು ಬರಲೆಂದೇ. ಆದರೆ ಜಾತಕ ಹುಟ್ಟಿನಿಂದ ಮುಂದಕ್ಕೆ ಹೇಳಿದರೆ ಇದು ಸಾವಿನಿಂದ ಹಿಂದಕ್ಕೆ ಹೇಳುತ್ತಿತ್ತು. ಲೋಹವೂ ದಣಿಯುತ್ತದೆ. ಸಾವಿರ ಸಲ ಬಾಗಿಸಿದರೆ ಸಾವಿರದ ಒಂದನೆಯ ಸಲಕ್ಕೆ ಎಲ್ಲೋ ಒಂದು ಕಡೆ ಕೂದಲೆಳೆಯಂಥ ಬಿರುಕು ಬಾಯಿಬಿಡುತ್ತದೆ. ಆಮೇಲೆ ಒಂದೊಂದು ಹೊರೆಗೂ ಅದು ಒಂದೊಂದು ಎಳೆ ಮುಂದಕ್ಕೆ ಸರಿದು, ಸರಿದ ಗುರುತಿಗೆ ಒಂದು ಗೆರೆ ಬಿಟ್ಟುಹೋಗುತ್ತದೆ. ಕೆರೆಯ ನೀರು ಇಳಿಯುತ್ತ ದಡದಲ್ಲಿ ಗೆರೆ ಬಿಟ್ಟ ಹಾಗೆ. ಈ ಗೆರೆಗಳನ್ನು ಎಣಿಸುವುದು ಹಳೆಯ ವಿದ್ಯೆ. ದಾಕ್ಷಾಯಣಿ ಕಂಡುಹಿಡಿದದ್ದು ಇನ್ನೊಂದು. ಹೊಸದಾಗಿ ತೆರೆದುಕೊಂಡ ಲೋಹ ಆ ಗಳಿಗೆಯ ಗಾಳಿಯನ್ನು ತೆಳುಪೊರೆಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಮಳೆಗಾಲದ ತೇವ, ಜೋಳ ಹೂಬಿಟ್ಟಾಗಿನ ಪರಾಗ, ಸುಗ್ಗಿಯ ಧೂಳು, ಎಲ್ಲ ಅದರಲ್ಲಿರುತ್ತದೆ. ಪೊರೆಯನ್ನು ಪದರಪದರವಾಗಿ ಬಿಡಿಸಿ ಹವಾಮಾನದ ದಾಖಲೆಯ ಜೊತೆ ಹೊಂದಿಸಿದರೆ, ಯಾವ ಗೆರೆ ಯಾವಾಗ ಮೂಡಿತು ಎಂದು ತಿಂಗಳು ಸಮೇತ ಹೇಳಬಹುದಿತ್ತು.

ಅಲ್ಲಿಂದ ಜನಜೀವನದ ಎಷ್ಟೋ ಸಂಗತಿ ಬದಲಾದವು. ಬಸ್ಸಿನ ಅಚ್ಚು ಮುರಿದರೆ ಡ್ರೈವರನನ್ನು ಮನೆಗೆ ಕಳಿಸುವ ಮುನ್ನ ತುಂಡನ್ನು ಹುಬ್ಬಳ್ಳಿಗೆ ಕಳಿಸತೊಡಗಿದರು. ಸೊಸೆ ಒಡೆದಳೆಂದು ಅತ್ತೆ ದೂರುತ್ತಿದ್ದ ಕುಕ್ಕರಿನ ಹಿಡಿಕೆ ಅತ್ತೆಯ ಕಾಲದಲ್ಲೇ ಸೀಳಿತ್ತೆಂದು ಗೊತ್ತಾಗಿ ಒಂದು ಮನೆಯಲ್ಲಿ ಹಬ್ಬದ ದಿನ ಹೋಳಿಗೆಯೇ ಆಗಲಿಲ್ಲವಂತೆ.

ಪರೀಕ್ಷಾಲಯವನ್ನು ಕಟ್ಟಿದವರು ಪ್ರೊಫೆಸರ್ ಸಿದ್ಧರಾಮ ಇಟಗಿ. ದಾಕ್ಷಾಯಣಿಗೆ ಗುರುಗಳು. ಅವಳು ಮೊದಲ ದಿನ ಕೆಲಸಕ್ಕೆ ಬಂದಾಗ ಮೇಜಿನ ಮೇಲೆ ಎರಡು ತುಂಡಾದ ಗೇರು ಚಕ್ರ ಬಿದ್ದಿತ್ತು. ಯಾರಾದರೂ ಮಾಡುವುದನ್ನೇ ಅವಳೂ ಮಾಡಿದಳು: ಎರಡೂ ತುಂಡು ಎತ್ತಿಕೊಂಡು, ಸರಿಯಾಗಿ ಕೂಡುತ್ತವೆಯೇ ಎಂದು ಜೋಡಿಸಿದಳು. ಇಟಗಿ ಸರ್ ಓಡಿಬಂದು ಕೈ ಹಿಡಿದರು.

"ಮುರಿದ ಮುಖಕ್ಕ ಮುರಿದ ಮುಖಾ ಹಚ್ಚಬ್ಯಾಡವಾ. ಉಜ್ಜಿ ಉಜ್ಜಿ ಒಂದರ ಮಾತು ಇನ್ನೊಂದು ಅಳಸ್ತೈತಿ."

ಬಿರುಕಿನ ವಿದ್ಯೆಯಲ್ಲಿ ಅದು ಮೊದಲ ಪಾಠ. ಎರಡನೆಯ ಪಾಠ, ಬಿರುಕನ್ನು ಕಾಣಿಸಿಕೊಳ್ಳುವಂತೆ ಮಾಡುವುದು. ಉಕ್ಕಿನ ಮೇಲೆ ತೆಳುವಾದ ಕೆಂಪು ದ್ರವ ಸವರಬೇಕು. ಹತ್ತು ನಿಮಿಷ ಬಿಟ್ಟು, ಮೇಲಿನದನ್ನು ಬಟ್ಟೆಯಿಂದ ಒರೆಸಿ, ಬಿಳಿ ಪುಡಿ ಎರಚಬೇಕು. ಬಿರುಕಿದ್ದರೆ ಅದರೊಳಗೆ ಇಳಿದ ಕೆಂಪು ಪುಡಿಯ ಮೇಲೆ ಗೆರೆಯಾಗಿ ಎದ್ದು ಬರುತ್ತದೆ. ಹೊರದೇಶದ ದ್ರವ ಸಿಗದಾದ ವರ್ಷಗಳಲ್ಲಿ ಇಟಗಿ ಸರ್ ಕುಸುಬೆ ಎಣ್ಣೆಯನ್ನು ನೀರಿಗಿಂತ ತೆಳುವಾಗುವಂತೆ ಸಂಸ್ಕರಿಸಿ, ಬಣ್ಣ ಬೆರೆಸಿ, ತಮ್ಮದೇ ದ್ರವ ಮಾಡಿಕೊಂಡಿದ್ದರು. ಹೊರದೇಶದ್ದು ಮತ್ತೆ ಸಿಗತೊಡಗಿ ಉಳಿದವರೆಲ್ಲ ಅದನ್ನೇ ಕೊಂಡರೂ ಅವರು ತಮ್ಮದನ್ನು ಬಿಡಲಿಲ್ಲ; ಈ ಪರೀಕ್ಷಾಲಯ ಬಿಟ್ಟರೆ ಕುಸುಬೆಯ ದ್ರವ ಬೇರೆಲ್ಲೂ ಇರಲಿಲ್ಲ. ಗೆಳೆಯರು 'ಇಟಗಿ ಒಗ್ಗರಣಿ' ಎಂದು ಚೇಷ್ಟೆ ಮಾಡುತ್ತಿದ್ದರು. ಸೀಸೆ ಬಿಚ್ಚಿದರೆ ಸಾಕು, ಕೋಣೆಯೆಲ್ಲ ಅಡುಗೆಮನೆಯ ವಾಸನೆ.

ಆ ವರ್ಷದ ಶ್ರಾವಣದಲ್ಲಿ, ಗದಗಿನಾಚೆಯ ಗುಡ್ಡಸಾಲಿನಲ್ಲಿ ಒಂದು ಗಾಳಿಯಂತ್ರ ಮುರಿದುಬಿತ್ತು. ರೆಕ್ಕೆಗಳನ್ನು ಹೊತ್ತು ತಿರುಗುವ ಉಕ್ಕಿನ ಶಾಫ್ಟ್ ತುಂಡಾಗಿ, ಮೂರೂ ರೆಕ್ಕೆ ಒಟ್ಟಿಗೆ ಕೆಳಗೆ ಬಂದವು. ಕೆಳಗೆ ಬುತ್ತಿ ಬಿಚ್ಚುತ್ತಿದ್ದ ಮೆಕ್ಯಾನಿಕ್ ಈರಪ್ಪ ಹಡಪದ ಅಲ್ಲೇ ಸತ್ತ. ಮೇಲೆ ಯಂತ್ರದ ಕೋಣೆಯಲ್ಲಿ ಬ್ರೇಕಿನ ಹತ್ತಿರ ಇದ್ದವನು ಅವನ ಜೊತೆಗಾರ ಹಜರತ್ ನದಾಫ. ಇಬ್ಬರೂ ಹನ್ನೆರಡು ವರ್ಷ ಜೋಡಿಯಾಗಿ ಹತ್ತಿ ಇಳಿದವರು.

ಗಾಳಿಯಂತ್ರದ ಕಂಪನಿ ಹೇಳಿದ್ದು ಸರಳವಾಗಿತ್ತು. ಬಿರುಗಾಳಿ ಎದ್ದಾಗ ಬ್ರೇಕನ್ನು ಹಂತಹಂತವಾಗಿ ಒತ್ತಬೇಕಿತ್ತು. ಹಜರತ್ ಗಾಬರಿಯಲ್ಲಿ ಒಮ್ಮೆಗೇ ಒತ್ತಿದ. ಆ ಹೊಡೆತಕ್ಕೆ ಶಾಫ್ಟ್ ತುಂಡಾಯಿತು. ಕಾನೂನೂ ಹಾಗೆಯೇ ಇತ್ತು. ಒಳಗೆ ಬಿರುಕಿದ್ದದ್ದು ಮೊದಲೇ ಯಾರಿಗಾದರೂ ಗೊತ್ತಿತ್ತು ಎಂದು ಸಿದ್ಧವಾದರೆ ಹೊಣೆ ಅವರದು. ಯಾರಿಗೂ ಗೊತ್ತಿರಲಿಲ್ಲವೆಂದರೆ ಕೊನೆಯ ಪೆಟ್ಟು ಕೊಟ್ಟ ಕೈಯದೇ ಹೊಣೆ. ಹಜರತನಿಗೆ ಜೈಲು ಕಾದಿತ್ತು.

ಮೂರು ವರ್ಷದ ಹಿಂದೆ ಆ ಗುಡ್ಡದ ಯಂತ್ರಗಳನ್ನು ತಪಾಸಣೆ ಮಾಡಿ ಬಂದವರು ಇಟಗಿ ಸರ್. ಇದು ಎಲ್ಲರಿಗೂ ಗೊತ್ತಿದ್ದ ವಿಷಯ. ಆದರೆ ಕಂಪನಿ ಆ ಸಲ ಕೇಳಿದ್ದು ಬರಿಗಣ್ಣಿನ ತಪಾಸಣೆ. ಸರ್ ಬರೆದುಕೊಟ್ಟಿದ್ದೂ 'ಕಣ್ಣಿಗೆ ಯಾವ ದೋಷವೂ ಕಾಣಲಿಲ್ಲ' ಎಂದು. ಕೂದಲೆಳೆಯ ಬಿರುಕು ಕಣ್ಣಿಗೆ ಹೇಗೆ ಕಂಡೀತು? ಯಾರೂ ಅವರತ್ತ ಬೆರಳು ತೋರಿಸಲಿಲ್ಲ. ಅವತ್ತು ಸರ್ ಗದಗಿನಿಂದ ಬರುವಾಗ ಪರೀಕ್ಷಾಲಯದವರಿಗೆಲ್ಲ ಬಿಸಿಬಿಸಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದಿದ್ದು ದಾಕ್ಷಾಯಣಿಗೆ ಇನ್ನೂ ನೆನಪಿತ್ತು. ಭಂಗವಾಚಕ ರಾಜ್ಯಕ್ಕೆ ಒಂದೇ ಇದ್ದುದರಿಂದ ಮುರಿದ ಶಾಫ್ಟೂ ಅಲ್ಲಿಗೇ ಬಂತು: ಮುರಿದ ಎರಡೂ ಬದಿಯಿಂದ ಕೊಯ್ದ, ಬೆಲ್ಲದ ಅಚ್ಚಿನ ಗಾತ್ರದ ಎರಡು ತುಂಡು.

ತುಂಡುಗಳು ಬಂದ ಮರುದಿನವೇ ಹಜರತ್ ಪರೀಕ್ಷಾಲಯದ ಗೇಟಿಗೆ ಬಂದು ನಿಂತ. ಅವನ ಜೊತೆ ಮಾತಾಡುವುದು ನಿಯಮಕ್ಕೆ ವಿರುದ್ಧ. ದಾಕ್ಷಾಯಣಿ ಹೋಗಬಾರದೆಂದುಕೊಂಡೇ ಹೋದಳು.

"ಮೇಡಂ, ಒಂದ ಮಾತು ಕೇಳತೀನ್ರಿ," ಎಂದ. ಗಡ್ಡ ಬೆಳೆದಿತ್ತು, ಅಂಗಿಯ ಗುಂಡಿ ಒಂದಕ್ಕೊಂದು ತಪ್ಪಿತ್ತು. "ಗಾಳಿ ಜೋರ ಬಿಡ್ತರಿ. ನಾ ಬ್ರೇಕ್ ಒತ್ತೀನಿ. ಒಮ್ಮೆಲೆ ಒತ್ತಿದ್ನೋ, ಬಿಟ್ಟ ಬಿಟ್ಟ ಒತ್ತಿದ್ನೋ, ಎಷ್ಟ ನೆನಸಿಕೊಂಡ್ರೂ ಗೊತ್ತಾಗವಲ್ದು. ಜೈಲಿಗೆ ಹಾಕ್ತಾರಂತ, ಹಾಕ್ಲಿರಿ. ನನಗ ಇಷ್ಟ ಹೇಳ್ರಿ. ಈರಪ್ಪನ್ನ ನಾ ಕೊಂದ್ನೇನ್ರಿ?"

"ಅದು ಉಕ್ಕಿನ ಮ್ಯಾಲ ಬರದಿರ್ತೈತಿ," ಎಂದಳು ದಾಕ್ಷಾಯಣಿ. "ಓದಿ ಹೇಳತೀನಿ. ಏನ ಇದ್ರೂ ಹೇಳತೀನಿ."

ಹೀಗೆ ಮಾತು ಕೊಟ್ಟದ್ದು ಅವಳಿಗೆ ಆಗ ದೊಡ್ಡದೆನಿಸಲಿಲ್ಲ.

ಅವಳು ಎರಡು ದಿನ ಧಾರವಾಡಕ್ಕೆ ಉಪನ್ಯಾಸಕ್ಕೆ ಹೋಗಿ ಬಂದಳು. ಬಂದು ನೋಡಿದರೆ, ಬೇರೆ ಬೇರೆ ಪೆಟ್ಟಿಗೆಯಲ್ಲಿ, ಹತ್ತಿಯಲ್ಲಿ ಸುತ್ತಿಟ್ಟಿದ್ದ ಎರಡೂ ತುಂಡುಗಳನ್ನು ಯಾರೋ ಮುಖಕ್ಕೆ ಮುಖ ಕೂಡಿಸಿ, ಅಮುಕಿ, ಟೇಪು ಸುತ್ತಿ ಮೇಜಿನ ಮೇಲಿಟ್ಟಿದ್ದರು.

"ನಾನ ಜೋಡಿಸಿ ನೋಡಿದ್ನವಾ," ಎಂದರು ಇಟಗಿ ಸರ್, ಕನ್ನಡಕ ಒರೆಸಿಕೊಳ್ಳುತ್ತ. "ಯಾವ ಮೂಲಿಯಿಂದ ಶುರು ಆಗೇತಿ ಅಂತ ತಿಳಿಲಿಲ್ಲ. ಅದಕ್ಕ."

ಅಕ್ಷರ ಕಲಿಸಿದವರೇ ಅ ಆ ಮರೆತು ನಿಂತ ಹಾಗಾಯಿತು. ಅವಳಿಗೆ ಸಿಟ್ಟು ಬರಲಿಲ್ಲ, ಕರುಳು ಚುರುಕ್ಕೆಂದಿತು. ಸರ್‌ಗೆ ಎಪ್ಪತ್ತು ದಾಟಿತ್ತು. ಮರೆವು ಹೀಗೆಯೇ ಶುರುವಾಗುತ್ತದೆಯಂತೆ. ಹುಡುಗರಿಗೆ ಗೊತ್ತಾದರೆ ಬೆನ್ನ ಹಿಂದೆ ಆಡಿಕೊಂಡಾರೆಂದು ತಾನೇ ಟೇಪು ಬಿಚ್ಚಿ, ತುಂಡುಗಳನ್ನು ಅವುಗಳ ಪೆಟ್ಟಿಗೆಯಲ್ಲಿಟ್ಟು, ಯಾರಿಗೂ ಹೇಳದೆ ಮುಚ್ಚಿಹಾಕಿದಳು. ಮನೆಗೆ ಹೋಗಿ, ತಟ್ಟೆಯ ಮುಂದೆ ಕೂತು, ಅತ್ತಳು.

ಮೇಲ್ಮೈ ಉಜ್ಜಿಹೋಗಿತ್ತು. ಆದರೆ ಮುರಿದ ಮುಖವೆಂದರೆ ಗುಡ್ಡ ತಗ್ಗಿನ ನೆಲ. ಉಬ್ಬುಗಳು ಉಜ್ಜಿದರೂ ತಗ್ಗುಗಳು ಉಳಿಯುತ್ತವೆ. ದಾಕ್ಷಾಯಣಿ ಒಂದು ತಗ್ಗನ್ನು ಹುಡುಕಿ ಭಂಗವಾಚಕಕ್ಕೆ ಒಡ್ಡಿದಳು. ಕತೆ ಹಿಂದಕ್ಕೆ ಬಿಚ್ಚಿಕೊಂಡಿತು. ಬ್ರೇಕಿನ ಹೊಡೆತಕ್ಕೆ ಮುರಿದದ್ದು ಶಾಫ್ಟಿನ ಕಾಲುಭಾಗ ಮಾತ್ರ. ಉಳಿದ ಮುಕ್ಕಾಲು ಅದಕ್ಕೂ ಮುಂಚೆಯೇ ಸೀಳಿತ್ತು. ಬಿರುಕು ಹುಟ್ಟಿ ಎಂಟು ವರ್ಷವಾಗಿತ್ತು. ನಡುವೆ, ಮೂರು ವರ್ಷದ ಹಿಂದಿನ ಆಶ್ವಯುಜದ ಗೆರೆಯಲ್ಲಿ, ಯಂತ್ರ ಒಂದು ಕೆಂಪು ಕಲೆ ತೋರಿಸಿತು. ಬಿರುಕು ಬಾಯಿಬಿಟ್ಟ ಅಂಚಿನಲ್ಲಿ ಒಂದಿಷ್ಟು ಬಿಳಿ ಪುಡಿ.

ಅವಳು ಸರ್ ಹತ್ತಿರ ಹೋಗಿ ಹೇಳಿದಳು. ಅವರು ನಕ್ಕುಬಿಟ್ಟರು.

"ಆಶ್ವಯುಜ ಅಂದ್ರ ಏನವಾ? ಖಂಡೇಪೂಜಿ. ಯಂತ್ರಕ್ಕ ಕುಂಕುಮ, ಈಬತ್ತಿ ಹಚ್ಚಿರ್ತಾರ. ಕೆಂಪು ಕುಂಕುಮ, ಬಿಳೀದು ಈಬತ್ತಿ. ಇಷ್ಟಕ್ಕ ತಲಿ ಕೆಡಸ್ಕೊಂಡೇನು?"

ಹೌದಲ್ಲ ಎನಿಸಿತು. ಆಯುಧಪೂಜೆಯ ದಿನ ಇವರ ಪರೀಕ್ಷಾಲಯದ ಯಂತ್ರಗಳೂ ಮೈತುಂಬ ವಿಭೂತಿ ಬಳಿದುಕೊಂಡೇ ನಿಲ್ಲುತ್ತಿದ್ದವು; ಭಂಗವಾಚಕಕ್ಕೂ ಅವಳೇ ಕುಂಕುಮ ಇಟ್ಟಿದ್ದಳು. ಕುಂಕುಮವೆಂದರೆ ಮುಗಿಯಿತು, ಮುಂದೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಅವಳೂ ಕೇಳಲಿಲ್ಲ. ಮನಸ್ಸು ಹಗುರಾಗಿ ತನ್ನ ಕೋಣೆಗೆ ಬಂದಳು. ಕುಂಕುಮವಾದರೆ ಬಿರುಕು ಯಾರಿಗೂ ಗೊತ್ತಿರಲಿಲ್ಲವೆಂದಾಯಿತು, ಹೊಣೆಯೆಲ್ಲ ಹಜರತನ ತಲೆಗೆ ಬಂತು ಎನ್ನುವುದು ಅವಳಿಗೆ ಹೊಳೆದದ್ದು ಕೂತ ಮೇಲೆ.

ಹೊಳೆದ ಮೇಲೆ ಕೂರಲಾಗಲಿಲ್ಲ. ಕಲೆ ಇದ್ದದ್ದು ಬಿರುಕಿನ ಬಾಯಲ್ಲಲ್ಲ, ಆಗಿನ ಕಟ್ಟಕಡೆಯ ತುದಿಯಲ್ಲಿ. ಕುಂಕುಮವೆಷ್ಟೇ ನುಣುಪಾಗಿರಲಿ, ಅದು ಪುಡಿ. ಅಂಥ ಸಂದಿಯ ತುದಿಗೆ ಪುಡಿ ಇಳಿಯುವುದು ಸೂಜಿಯ ಕಣ್ಣಲ್ಲಿ ಹುಣಸೆಬೀಜ ತೂರಿಸಿದ ಹಾಗೆ. ಅವಳಿಗಿದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಹೇಳಿದವರು ಸರ್ ಅಲ್ಲದೆ ಬೇರೆ ಯಾರಾಗಿದ್ದರೂ ಅಲ್ಲೇ ನಕ್ಕುಬಿಡುತ್ತಿದ್ದಳು.

ಕಲೆಯಷ್ಟನ್ನೇ ಬಿಡಿಸಿ, ಅದರಲ್ಲಿ ಏನೇನಿದೆ ಎಂದು ಯಂತ್ರವನ್ನು ಕೇಳಿದಳು. ಕೃತಕ ಬಣ್ಣ ಎಂದಿತು. ಬಣ್ಣವನ್ನು ಹೊತ್ತುತಂದದ್ದು ಒಂದು ಎಣ್ಣೆ. ಗಾಳಿಗೆ ಒಣಗಿ ಅರಗಿನ ಹಾಗೆ ಅಂಟಿಕೊಂಡಿತ್ತು, ಅದಕ್ಕೇ ಮೂರು ವರ್ಷವೂ ಅಳಿಯದೆ ಉಳಿದಿತ್ತು. ಎಣ್ಣೆ ಯಾವುದು ಎಂಬ ಕಡೆಯ ಸಾಲು ಪರದೆಯ ಮೇಲೆ ಬರುವ ಮುನ್ನವೇ ದಾಕ್ಷಾಯಣಿಯ ಮೂಗಿಗೆ ಆ ವಾಸನೆ ಬಂದ ಹಾಗಾಯಿತು.

ಕುಸುಬೆ ಎಣ್ಣೆ.

ಜಗತ್ತಿನಲ್ಲಿ ಒಂದೇ ಪರೀಕ್ಷಾಲಯ, ಒಂದೇ ಸೀಸೆ. ಆ ದಿನ ಗುಡ್ಡದ ಮೇಲೆ ಸರ್ ಬರಿಗಣ್ಣಿನಿಂದ ನೋಡಿ ಬಂದಿರಲಿಲ್ಲ. ಯಾರೂ ಕೇಳದಿದ್ದರೂ ತಮ್ಮ ಕೆಂಪನ್ನು ಸವರಿದ್ದರು, ಪುಡಿ ಎರಚಿದ್ದರು. ಕೆಂಪು ಒಳಗೆ ಇಳಿದಿದೆಯೆಂದರೆ ಪುಡಿಯ ಮೇಲೆ ಗೆರೆ ಎದ್ದೇ ಎದ್ದಿರಬೇಕು. ಅವರು ಕಂಡಿದ್ದರು. ಕಂಡು, ಬಟ್ಟೆ ತೆಗೆದುಕೊಂಡು ಒರೆಸಿ, ಕೆಳಗಿಳಿದು, ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದಿದ್ದರು.

ಮರುದಿನ ಮಧ್ಯಾಹ್ನ ಸರ್ ತಮ್ಮ ಕೋಣೆಯಲ್ಲಿ ಊಟಕ್ಕೆ ಕೂತಿದ್ದಾಗ ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಸರ್, ಅದು ಕುಂಕುಮ ಅಲ್ರಿ."

ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. "ಮತ್ತೇನು?"

"ನಿಮ್ಮ ಒಗ್ಗರಣಿ."

ಅವರು ಇಲ್ಲವೆನ್ನಲಿಲ್ಲ. ಬುತ್ತಿಯ ಮುಚ್ಚಳ ಹಾಕಿದರು. "ಕೂಡವಾ," ಎಂದರು. ಅವಳು ಕೂಡಲಿಲ್ಲ.

"ಕೂದಲೆಳಿಯಷ್ಟಿತ್ತು," ಎಂದರು. "ಪುಡಿ ಮ್ಯಾಲ ಎದ್ದ ಬಂತು. ಅಲ್ಲೇ ಕುಂತು ಲೆಕ್ಕಾ ಹಾಕ್ದೆ. ಇನ್ನ ಹತ್ತ ವರ್ಷ ಏನೂ ಆಗೂದಿಲ್ಲ ಅನ್ನಿಸ್ತು. ಅಷ್ಟರಾಗ ಹೆಂಗೂ ಶಾಫ್ಟ್ ಬದ್ಲಿ ಮಾಡ್ತಿದ್ರು."

"ಗಾಳಿ ನಿಮ್ಮ ಲೆಕ್ಕಾ ಕೇಳಲಿಲ್ರಿ."

"ವರ್ಷಾ ವರ್ಷಾ ಗಾಳಿ ಹಿಂಗ ಜೋರ ಆಕ್ಕೈತಂತ ಯಾರಿಗೆ ಗೊತ್ತಿತ್ತು?"

"ಮುಂದಿನ ವರ್ಷ ಇನ್ನೊಮ್ಮೆ ನೋಡ್ರಿ ಅಂತ ಒಂದ ಸಾಲರ ಬರೀಬೇಕಿತ್ತಲ್ರಿ."

"ಒಂದ ಸಾಲು ಬರದಿದ್ರ ಗುಡ್ಡದ ಮ್ಯಾಲಿನ ಎಲ್ಲಾ ಯಂತ್ರಾನೂ ನಿಂದ್ರಸಬೇಕಾಗ್ತಿತ್ತು. ಎಲ್ಲಾದ್ರ ಶಾಫ್ಟೂ ಒಂದ ಕಾರ್ಖಾನಿದು." ಅವರು ತಲೆಯೆತ್ತಿ ಅವಳನ್ನು ನೋಡಿದರು. "ಆವಾಗ ನಿನ್ನ ಯಂತ್ರ ಅರ್ಧಾ ಆಗಿ ನಿಂತಿತ್ತು, ನೆನಪೈತೇನು? ಎಲ್ಲಾ ಇತ್ತು, ಕಣ್ಣ ಇರಲಿಲ್ಲ. ಆ ಕಣ್ಣ ಕೊಡಿಸಿದ್ದು ಯಾರು ಅಂತ ಮಾಡೀ? ಅದ ಕಂಪನಿ."

ನೆನಪಿತ್ತು. ಭಂಗವಾಚಕದ ಶೋಧಕ, ಪೊರೆಯನ್ನು ಪದರಪದರವಾಗಿ ಗುರುತಿಸುವ ಅದರ ಕಣ್ಣು, ಆ ವರ್ಷ ದೀಪಾವಳಿಗೆ ಮುಂಚೆ ಮರದ ಪೆಟ್ಟಿಗೆಯಲ್ಲಿ ಬಂದಿತ್ತು. ಯಾರು ಕೊಟ್ಟರು ಎಂದು ಕೇಳಿದ್ದಕ್ಕೆ ಸರ್ 'ಒಳ್ಳೆ ಮಂದಿ ಕೊಟ್ಟಾರವಾ, ನೀ ಕೆಲಸಾ ಮಾಡು' ಎಂದಿದ್ದರು. ತೆಂಗಿನಕಾಯಿ ಒಡೆದಿದ್ದರು. ಅವಳು ಅವರ ಕಾಲಿಗೆ ಬಿದ್ದು ನಮಸ್ಕಾರ ಮಾಡಿದ್ದಳು.

"ಅದ ಕಣ್ಣ ಈಗ ನನ್ನ ನೋಡಾಕತ್ತೈತಿ," ಎಂದು ಸರ್ ಒಣನಗೆ ನಕ್ಕರು. ಮತ್ತೆ ಮುಖ ಸಣ್ಣದಾಯಿತು. "ಕುಂಕುಮ ಅಂತ ಬರಿ, ದಾಕ್ಷಾ. ಇಲ್ಲಂದ್ರ ಪರೀಕ್ಷಾಲಯಕ್ಕ ಬೀಗಾ ಬೀಳತೈತಿ. ನಿನ್ನ ಯಂತ್ರಾನೂ ಯಾರೂ ನಂಬೂದಿಲ್ಲ."

"ಎರಡೂ ಮುಖಾ ಜೋಡಿಸಿದ್ದು?"

ಅವರು ಕಿಟಕಿಯ ಕಡೆ ನೋಡಿದರು.

"ನಿಮಗ ವಯಸ್ಸಾತು, ಮರವು ಬಂತು ಅಂತ ನಾ ಮನ್ಯಾಗ ಕುಂತು ಅತ್ತೀನ್ರಿ, ಸರ್."

ಅಷ್ಟು ಹೇಳಿ ಹೊರಗೆ ಬಂದಳು. ಮೈಯೆಲ್ಲ ಉರಿಯುತ್ತಿತ್ತು. ಬಿರುಕು ಮುಚ್ಚಿಟ್ಟದ್ದನ್ನು ಬೇಕಾದರೆ ಒಂದು ತಪ್ಪು ಲೆಕ್ಕವೆನ್ನಬಹುದಿತ್ತು. ಆದರೆ ತನ್ನ ಕಣ್ಣೀರಿನ ಮರೆಯಲ್ಲಿ ಅಡಗಿಕೊಂಡದ್ದಕ್ಕೆ ಏನೆನ್ನಬೇಕು? ನಂಬಿಸಿ ಕುತ್ತಿಗೆ ಕೊಯ್ದರು ಎನ್ನುವ ಮಾತನ್ನು ಅವಳು ಎಷ್ಟೋ ಸಲ ಕೇಳಿದ್ದಳು. ಕೊಯ್ಯುವಾಗ ನೋವೇ ಆಗುವುದಿಲ್ಲ, ಆಮೇಲೆ ಉರಿಯುತ್ತದೆ ಎನ್ನುವುದನ್ನು ಯಾರೂ ಹೇಳಿರಲಿಲ್ಲ. ಇನ್ನೂ ಕೆಟ್ಟ ಸಂಗತಿಯೆಂದರೆ ತಾನು ಹೆಮ್ಮೆಪಡುತ್ತಿದ್ದ ಯಂತ್ರದ ಕಣ್ಣೇ ಈರಪ್ಪನ ಸಾವಿಗೆ ಮುಂಗಡವಾಗಿ ಬಂದದ್ದು.

ವಿಚಾರಣೆ ಗದಗಿನಲ್ಲಿ ನಡೆಯಿತು. ದಾಕ್ಷಾಯಣಿ ಎಲ್ಲವನ್ನೂ ಹೇಳಿದಳು. ಶೋಧಕ ಎಲ್ಲಿಂದ ಬಂತು ಎನ್ನುವುದನ್ನೂ, ಉಜ್ಜಿದ ತುಂಡುಗಳ ವಿಷಯವನ್ನು ತಾನೇ ಮುಚ್ಚಿಟ್ಟದ್ದನ್ನೂ ಬಿಡಲಿಲ್ಲ. ಕಂಪನಿಯ ವಕೀಲರು ಎದ್ದು, ಇದೆಲ್ಲ ಆಯುಧಪೂಜೆಯ ಕುಂಕುಮ, ಭಕ್ತಿಯನ್ನು ಅಪರಾಧ ಮಾಡಬೇಡಿ ಎಂದರು. ಸಭೆಯಲ್ಲಿ ಕೆಲವರು ತಲೆದೂಗಿದರು. ದಾಕ್ಷಾಯಣಿ ಚೀಲದಿಂದ, ಬೇಕೆಂದೇ ಬಿರುಕು ಬಿಡಿಸಿದ ಎರಡು ಉಕ್ಕಿನ ಪಟ್ಟಿ ತೆಗೆದು ಮೇಜಿನ ಮೇಲಿಟ್ಟಳು. ಒಂದಕ್ಕೆ ತನ್ನ ಮನೆಯ ದೇವರ ಕಪಾಟಿನ ಕುಂಕುಮ ಹಚ್ಚಿದಳು. ಇನ್ನೊಂದಕ್ಕೆ ಸೀಸೆ ಬಿಚ್ಚಿ ಕೆಂಪು ದ್ರವ ಸವರಿದಳು. ಕುಸುಬೆಯ ವಾಸನೆ ಸಭೆಯಲ್ಲೆಲ್ಲ ಹಬ್ಬಿತು.

ಬೇಗ ಮುಗಿಸಿಬಿಡಬೇಕೆಂದು ಅವಳು ಬಟ್ಟೆ ಎತ್ತಿಕೊಂಡಳು.

"ಹತ್ತ ನಿಮಿಷ ಬಿಡಬೇಕವಾ," ಎಂಬ ಧ್ವನಿ ಹಿಂದಿನ ಸಾಲಿನಿಂದ ಬಂತು. "ಅವಸರಾ ಮಾಡಬ್ಯಾಡ. ಒಳಗ ಇಳೀಲಿ."

ಎಲ್ಲರೂ ತಿರುಗಿ ನೋಡಿದರು. ಇಟಗಿ ಸರ್ ಎದ್ದು ನಿಂತಿದ್ದರು. ತಾವು ಏನು ಹೇಳಿದೆವೆಂದು ಅವರಿಗೆ ಆಮೇಲೆ ಹೊಳೆದಿರಬೇಕು, ಮೆಲ್ಲಗೆ ಕೂತರು. ಅದು ಪಶ್ಚಾತ್ತಾಪವೋ, ಬರೀ ಮೇಷ್ಟರ ಚಾಳಿಯೋ ದಾಕ್ಷಾಯಣಿಗೆ ಕೊನೆಯವರೆಗೂ ತಿಳಿಯಲಿಲ್ಲ. ಅವಳು ಬಟ್ಟೆ ಕೆಳಗಿಟ್ಟಳು. ಗೋಡೆಯ ಗಡಿಯಾರ ನೋಡಿ ಹತ್ತು ನಿಮಿಷ ಎಣಿಸಿದಳು. ಆಮೇಲೆ ಎರಡನ್ನೂ ಒರೆಸಿ ಬಿಳಿ ಪುಡಿ ಎರಚಿದಳು. ಕುಂಕುಮದ ಪಟ್ಟಿ ಬೆಳ್ಳಗೇ ಉಳಿಯಿತು. ಇನ್ನೊಂದರ ಮೇಲೆ ಕೆಂಪು ಗೆರೆ ತಾನಾಗಿ ಎದ್ದು ಬಂತು, ದೂರದಲ್ಲಿ ಕೂತವರಿಗೂ ಕಾಣುವಷ್ಟು.

ಹಜರತ್ ನಿರ್ದೋಷಿ ಎಂದು ತೀರ್ಪಾಯಿತು. ಅವನು ಹೊರಗೆ ಬೇವಿನ ಮರದ ಕೆಳಗೆ ದಾಕ್ಷಾಯಣಿಗಾಗಿ ಕಾದು ನಿಂತಿದ್ದ.

"ಅವರು ಕಂಡಿದ್ರೇನ್ರಿ, ಮೇಡಂ?"

"ಕಂಡಿದ್ರು."

"ಕಂಡು ಒರಸಿದ್ರಾ?"

"ಹೂಂ."

ಅವನು ಮರಕ್ಕೆ ಬೆನ್ನು ಆನಿಸಿದ. "ಅದರ ಕೆಳಗ ಕುಂತು ನಾವಿಬ್ರೂ ಮೂರ ವರ್ಷ ಉಂಡೀವ್ರಿ. ನಂದ ತಪ್ಪ ಅಂದಿದ್ರ ಹೆಂಗಾರ ಹೊರತಿದ್ನಿ. ಇದನ್ನ ಎಲ್ಲಿ ಇಡ್ಲಿರಿ?"

ತನ್ನ ಪಾಲಿನದನ್ನು ಎಲ್ಲಿಡಬೇಕೆಂದೇ ದಾಕ್ಷಾಯಣಿಗೆ ಗೊತ್ತಿರಲಿಲ್ಲ.

ಗುಡ್ಡದ ಯಂತ್ರಗಳೆಲ್ಲ ನಿಂತವು. ತೆರೆದು ನೋಡಿದರೆ ಇನ್ನೂ ಆರೇಳು ಶಾಫ್ಟುಗಳಲ್ಲಿ ಬಿರುಕಿತ್ತು. ಸರ್ ಅವರಿಗೆ ಸಹಿ ಹಾಕುವ ಅಧಿಕಾರ ಹೋಯಿತು. ಮನೆ ಬಿಟ್ಟು ಹೊರಗೆ ಬರುವುದನ್ನೇ ಬಿಟ್ಟರು. ಪ್ರತಿ ದಸರೆಗೂ ದಾಕ್ಷಾಯಣಿ ಅವರ ಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು, ಬಂಗಾರದಂಗ ಇರೋಣ್ರಿ ಎಂದು ಬರುತ್ತಿದ್ದಳು. ಜಗಳವಾಡಿದವರೂ ಅವತ್ತು ಬನ್ನಿ ಕೊಟ್ಟು ಒಂದಾಗುವ ದಿನ. ಆ ವರ್ಷವೂ ಎಲೆ ಹಿಡಿದು ಅವರ ಗೇಟಿನವರೆಗೆ ಹೋದಳು. ಒಳಗೆ ಅವರ ಕೆಮ್ಮು ಕೇಳಿಸಿತು. ಮುರಿದ ಮುಖಕ್ಕೆ ಮುರಿದ ಮುಖ ಹಚ್ಚಬೇಡ ಎಂದವರು ಅವರೇ. ಈಗ ಜೋಡಿಸಿದರೆ ಏನಾಗಿತ್ತು ಎನ್ನುವುದೇ ಅಳಿಸಿಹೋಗುತ್ತದೆ ಎನಿಸಿ, ಎಲೆಯನ್ನು ಚೀಲಕ್ಕೆ ಹಾಕಿಕೊಂಡು ವಾಪಸು ಬಂದಳು.

ಅಲ್ಲಿಂದಾಚೆ ಭಂಗವಾಚಕಕ್ಕೆ ಜನ ಕೇಳುವ ಪ್ರಶ್ನೆಯೇ ಬದಲಾಯಿತು. ಬಿರುಕು ಯಾವಾಗ ಹುಟ್ಟಿತು ಎನ್ನುವುದು ಹಿಂದೆ ಬಿತ್ತು. ಮೊದಲು ಕಂಡವರು ಯಾರು ಎನ್ನುವುದು ಮುಂದೆ ಬಂತು. ಇದರಿಂದ ಲೋಕ ಜಾಗರೂಕವಾಗುತ್ತದೆ ಎಂದು ದಾಕ್ಷಾಯಣಿ ನಂಬಿದ್ದಳು. ಆದದ್ದು ಬೇರೆ. ಎರಡು ವರ್ಷ ಕಳೆಯುವುದರೊಳಗೆ ಕಾರ್ಖಾನೆಗಳು ಕೆಂಪು ದ್ರವ ಕೊಳ್ಳುವುದನ್ನೇ ನಿಲ್ಲಿಸಿದವು. ಸವರಿದರೆ ಗುರುತು ಉಳಿಯುತ್ತದೆ. ಗುರುತು ಉಳಿದರೆ ಕಂಡದ್ದು ಸಿದ್ಧವಾಗುತ್ತದೆ. ನೋಡದಿದ್ದವನಿಗೆ ಹೊಣೆಯೇ ಇಲ್ಲವಲ್ಲ! ತಪಾಸಣೆಗೆ ಹೋದವರು ಕೈಕಟ್ಟಿ, ದೂರದಿಂದ ಬರಿಗಣ್ಣಿನಲ್ಲಿ ನೋಡಿ ಬರತೊಡಗಿದರು. ಒರೆಸಿದ ಒಬ್ಬರನ್ನು ಹಿಡಿದುಕೊಟ್ಟ ಯಂತ್ರ, ನೋಡಲೇ ಬಾರದೆಂದು ಸಾವಿರ ಜನಕ್ಕೆ ಕಲಿಸಿಬಿಟ್ಟಿತ್ತು. ಎರಡನೆಯ ಸಲ ಮೋಸಹೋದೆ ಎಂದುಕೊಂಡಳು ದಾಕ್ಷಾಯಣಿ, ಈ ಸಲ ತಾನು ಹೆತ್ತದ್ದರಿಂದಲೇ.

ಅವಳು ಮಾತ್ರ ಕುಸುಬೆ ಎಣ್ಣೆಯ ಕೆಂಪನ್ನು ಬಿಡಲಿಲ್ಲ. ಗೆರೆ ಎದ್ದರೆ ಒರೆಸುವುದೂ ಇಲ್ಲ. ಪುಡಿ ಮತ್ತು ಕೆಂಪಿನ ಸಮೇತ ಹಾಗೆಯೇ ವಾಪಸು ಕಳಿಸುತ್ತಾಳೆ. ಅಸಹ್ಯವಾಗಿ ಕಾಣುತ್ತದೆ ಎಂದು ಗಿರಾಕಿಗಳು ಗೊಣಗುತ್ತಾರೆ. ಬರುವವರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ.

ಇದನ್ನು ಓದುತ್ತಿರುವವರ ಕಾಲಕ್ಕೆ ಭಂಗವಾಚಕ ಇನ್ನೂ ಹುಟ್ಟಿಲ್ಲ. ದಾಕ್ಷಾಯಣಿ ಎಲ್ಲೋ ಅಂಗನವಾಡಿಗೆ ಹೋಗುತ್ತಿರಬೇಕು. ಆದರೆ ಕೆಂಪು ದ್ರವ ಇದೆ, ಬಿಳಿ ಪುಡಿಯೂ ಇದೆ. ನೀವು ದಿನಾ ದಾಟುವ ಸೇತುವೆಯ ಕೆಳಗೋ, ನಿಮ್ಮ ಲಿಫ್ಟಿನ ಕೊಕ್ಕೆಯ ಹತ್ತಿರವೋ ಇವತ್ತು ಯಾರೋ ಒಬ್ಬರು ಹತ್ತು ನಿಮಿಷ ಕಾದು, ಬಗ್ಗಿ ನೋಡಿದ್ದಾರೆ. ಗೆರೆ ಎದ್ದಿದೆ. ಅವರು ಕೆಟ್ಟವರೇನಲ್ಲ, ಬರುವಾಗ ಎಲ್ಲರಿಗೂ ಮಿರ್ಚಿ ಭಜಿ ಕಟ್ಟಿಸಿಕೊಂಡು ಬರುವಂಥವರೇ. ಈಗ ಅವರ ಕೈಯಲ್ಲಿ ಒರೆಸುವ ಬಟ್ಟೆ ಇದೆ.